ಎಂಟೆದೆಯ ಕೂಸು

ನಮ್ಮೂರಿನಲ್ಲಿ ಯಾರೂ ಯಾರ ಮುಖ ನೋಡಿ ಮಾತಾಡುವುದಿಲ್ಲ. ಮುಖದಿಂದ ಒಂದು ಮೊಳ ಆಚೆಗೆ ನೋಡುತ್ತಾರೆ. ಅಲ್ಲಿ ಮಿಂಚುಹುಳದಂಥ ಬೆಳಕಿನ ಚುಕ್ಕೆಗಳು, ಮಿಣುಕುಗಳು, ಸುತ್ತುತ್ತಿರುತ್ತವೆ. ಮೈಗೆ ಹತ್ತಿರದ ಸುತ್ತುಗಳಲ್ಲೂ ಮಿಣುಕುಗಳಿವೆ, ಬೇಕಾದಷ್ಟಿವೆ, ಆದರೆ ಅವನ್ನು ಕಟ್ಟಿಕೊಂಡು ಯಾರಿಗೇನು? ಒಳಸುತ್ತಿನದು ಮನೆಯ ಮಾತು, ಹೊರಸುತ್ತಿನದು ಊರ ಮಾತು. ಹೊರಗಿನ ಸುತ್ತಿನಲ್ಲಿ ಎಷ್ಟಿವೆಯೋ ಅಷ್ಟೇ ನೀನು. ನಿನಗೆ ಯಾರು ಹೆಣ್ಣು ಕೊಡಬೇಕು, ಯಾವ ಕೆಲಸ ಹಚ್ಚಬೇಕು, ನಿನ್ನ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯಬಹುದೋ ಬಾರದೋ, ಎಲ್ಲ ಅದರಿಂದಲೇ ತೀರ್ಮಾನವಾಗುತ್ತದೆ.

ಆ ಎಣಿಕೆ ಮಾಡುವವಳು ನಾನು. ಎಣಿಕೆ ದ್ಯಾವಮ್ಮ ಅಂದರೆ ತೊಟ್ಟಿಲ ಕೂಸಿಗೂ ಗೊತ್ತು, ಯಾಕೆಂದರೆ ಹುಟ್ಟಿದ ಹನ್ನೊಂದನೆಯ ದಿನ ಅದು ನನ್ನ ಮುಖವನ್ನೇ ನೋಡಬೇಕು. ಕೋಣೆಯ ಬಾಗಿಲು ಹಾಕಿಸಿ, ಕರಿ ಕಂಬಳಿ ಹಾಸಿ, ಕೂಸನ್ನು ಮಲಗಿಸಿ ಹೊರಸುತ್ತು ಎಣಿಸುತ್ತೇನೆ. ಆಮೇಲೆ ಮೆಲ್ಲಗೆ ಉಫ್ ಎಂದು ಊದುತ್ತೇನೆ. ಎಣಿಸುವುದು ಊರಿಗಾಗಿ, ಊದುವುದು ನನಗಾಗಿ. ಊದಿದರೆ ಮಿಣುಕು ಎಷ್ಟು ಓಲಾಡುತ್ತದೆ, ಎಷ್ಟು ಬಿಗಿಯಾಗಿ ಅಂಟಿಕೊಂಡಿದೆ ಎನ್ನುವುದು ಗೊತ್ತಾಗುತ್ತದೆ. ಇದು ನಮ್ಮವ್ವ ಕಲಿಸಿದ ವಿದ್ಯೆ. ಬಾಗಿಲು ತೆರೆದು ಎಷ್ಟು ಅಂತ ಹೇಳಿದರೆ ಮುಗಿಯಿತು, ಜನ ಬೆಲ್ಲ ಹಂಚುತ್ತಾರೆ ಇಲ್ಲವೇ ಮೂಗು ಮುರಿಯುತ್ತಾರೆ. ಊದಿದ್ದು ಏನಾಯಿತು ಅಂತ ಇವತ್ತಿನವರೆಗೆ ಒಂದು ನರಪಿಳ್ಳೆಯೂ ಕೇಳಿಲ್ಲ.

ಊರಲ್ಲಿ ಇರುವುದು ಎರಡು ಕಡೆಯವರು. ಒಂದು, ಎರಡು, ಮೂರು ಮಿಣುಕಿನವರು ಲೋಹದ ಕಡೆಯವರು, ಅವರದು ಕೊಡುವ ಕೈ. ಐದು, ಆರು, ಏಳರವರು ಗಾಳಿಯ ಕಡೆಯವರು, ಅವರದು ಕಸಿದುಕೊಳ್ಳುವ ಕೈ. ನಾಲ್ಕರವರು ಎರಡೂ ಕಡೆಯ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಅವರ ಸುದ್ದಿ ಬೇಡ. ಎಂಟಿದ್ದವರು ತುಂಬಿದ ಕೊಡ. ಅವರಿಗೆ ಯಾರೂ ಬೇಡ, ಏನೂ ಬೇಡ. ‘ಎಂಟಿದ್ದವನಿಗೆ ನಂಟು ಬೇಡ, ನಂಟು ಬೇಕಾದವನಿಗೆ ಎಂಟಿಲ್ಲ’ ಅಂತ ನಮ್ಮಲ್ಲೊಂದು ಗಾದೆಯೇ ಇದೆ. ಲೋಹದ ಕೇರಿಯಲ್ಲಿ ಮನೆಗೆ ಮನೆ ಅಂಟಿಕೊಂಡಿರುವುದರಿಂದ ಹೊರಸುತ್ತಿನ ಮಿಣುಕುಗಳು ಯಾರದು ಯಾವುದು ಅಂತ ತಿಳಿಯದ ಹಾಗೆ ಬೆರೆತು ಕೇರಿಯ ತುಂಬ ಓಡಾಡುತ್ತವೆ. ಆದ್ದರಿಂದ ಈ ತುದಿಯಲ್ಲಿ ಒಲೆ ಹಚ್ಚಿದರೆ ಆ ತುದಿಯವರಿಗೆ ಬೆಚ್ಚಗಾಗುತ್ತದೆ. ಚಾಡಿಯೂ ಅಷ್ಟೇ ಬೇಗ ಹರಿಯುತ್ತದೆ.

ನಾನು ಕಬ್ಬಿಣದವಳು. ಊರಿಗೆಲ್ಲ ಎಣಿಸುವ ನನ್ನದೇ ಎಣಿಕೆ ನೆಟ್ಟಗಿಲ್ಲ ಅನ್ನುವುದು ದೇವರು ಆಡಿದ ಕುಚೋದ್ಯ. ಒಂದೊಂದು ಸಲ ಎರಡು ಕೊಡುತ್ತೇನೆ, ಒಂದೊಂದು ಸಲ ಮೂರು. ಎದುರಿಗೆ ಇರುವವರನ್ನು ನೋಡಿಕೊಂಡು. ಮೋಡ ಕಟ್ಟಿತೆಂದರೆ ಮಂಡಿಗೆ ತುಕ್ಕು ಹಿಡಿಯುತ್ತದೆ, ಕೂತರೆ ಏಳಲಾರೆ. ಪಕ್ಕದ ಮನೆಯ ತಿಪ್ಪಮ್ಮ ಎರಡರವಳು, ಸುಣ್ಣದ ಮನೆತನ. ಒಳ್ಳೆಯವಳೇ, ಆದರೆ ನೀರು ಸೋಕಿದರೆ ಸ್ವಲ್ಪ ಕುದಿಯುತ್ತಾಳೆ. ಮೂರರವರಿಗೆ ಹುಟ್ಟಿದ ದಿನವೇ ಮೈಮೇಲೊಂದು ತೆಳ್ಳನೆ ಪೊರೆ ಬಂದುಬಿಡುತ್ತದೆ. ಆಮೇಲೆ ಮಳೆ, ಬಿಸಿಲು, ಬೈಗುಳ, ಕಣ್ಣೀರು ಯಾವುದೂ ಒಳಗೆ ಇಳಿಯುವುದಿಲ್ಲ. ಅವರನ್ನು ನಾವು ಪಂಚಾಯ್ತಿಗೆ ಆರಿಸುತ್ತೇವೆ.

ಪಂಚಾಯ್ತಿಯ ಮೇಲೆ ಅಪರಂಜಿ ಮನೆಯವರು. ಬಂಗಾರದ ವಂಶ. ತಲೆಮಾರುಗಳಿಂದ ಅವರಿಗೆ ಕಿಲುಬಿಲ್ಲ, ತುಕ್ಕಿಲ್ಲ, ಯಾರ ಸಹವಾಸವೂ ಇಲ್ಲ. ಹುಳಿ ಎರಚಿದರೂ ಹೊಳೆಯುತ್ತಾರೆ. ಈಗಿನ ಯಜಮಾನರು ಶಾಂತಮಲ್ಲಪ್ಪನವರು. ಮನೆಯಿಂದ ಹೊರಬಿದ್ದರೆ ಮೈತುಂಬ ಶಾಲು ಹೊದ್ದೇ ಬರುತ್ತಾರೆ. ಉಳಿದವರ ಮಿಣುಕು ಮೊಳ ದೂರ ಸುತ್ತುತ್ತದೆ, ಮುಚ್ಚಿಡಲಾಗುವುದಿಲ್ಲ. ಇವರದು ಮೈಗೇ ಹತ್ತಿದ ಹಾಗೆ ಸುತ್ತುವುದರಿಂದ ಒಂದು ಶಾಲಿನೊಳಗೆ ಅಡಗುತ್ತದೆ. ಅವರಿಗೆ ಎಂಟಿದೆ, ದೃಷ್ಟಿಯಾಗದಿರಲಿ ಅಂತ ಮುಚ್ಚಿಕೊಂಡಿದ್ದಾರೆ ಎಂದು ಊರು ನಂಬಿತ್ತು.

ನಂಬಿಸಿದವರು ನಾವೇ. ಶಾಂತಮಲ್ಲಪ್ಪನವರು ಹುಟ್ಟಿದಾಗ ನನಗೆ ಇಪ್ಪತ್ತು, ಎಣಿಕೆ ಕಲಿಯಲು ನಮ್ಮವ್ವನ ಬೆನ್ನಿಗೆ ಹೋಗಿದ್ದೆ. ಕಂಬಳಿಯ ಮೇಲೆ ನೋಡುತ್ತೇನೆ, ಹೊರಸುತ್ತಿನಲ್ಲಿ ಇರುವುದು ಒಂದೇ ಒಂದು! ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ಊದು ಅಂದಳು. ಊದಿದೆ. ಮಿಣುಕು ಮಿಸುಕಲಿಲ್ಲ. ನಮ್ಮವ್ವ ಬಾಗಿಲು ತೆರೆದು ಗಂಭೀರವಾಗಿ, “ಎಂಟೆದೆಯ ಕೂಸು ಕಣ್ರಪ್ಪ” ಅಂದಳು. ಎಂಟೆದೆ ಅಂದರೆ ಧೈರ್ಯ ಅಂತ ಯಾರಿಗೆ ಗೊತ್ತಿಲ್ಲ? ಆದರೆ ಎಣಿಕೆಯವಳ ಬಾಯಲ್ಲಿ ಬಂದದ್ದರಿಂದ ಊರು ‘ಎಂಟು’ ಅಂತ ಮಾತ್ರ ಕೇಳಿಸಿಕೊಂಡಿತು, ಮಿಕ್ಕಿದ್ದನ್ನು ಡೋಲಿನ ಸದ್ದಿಗೆ ಬಿಟ್ಟಿತು. “ನಾವು ಸುಳ್ಳು ಹೇಳಿಲ್ಲ, ಅವರು ಕೇಳಿಸ್ಕೊಂಡಿಲ್ಲ” ಅಂದಳು ನಮ್ಮವ್ವ ದಾರಿಯಲ್ಲಿ. ನಲವತ್ತೈದು ವರ್ಷ ನಾನೂ ಆ ಮಾತನ್ನೇ ನೆಚ್ಚಿಕೊಂಡು ನೆಮ್ಮದಿಯಾಗಿ ಊಟ ಮಾಡಿದೆ.

ಈ ನಡುವೆ, ಹತ್ತೊಂಬತ್ತು ವರ್ಷದ ಹಿಂದೆ, ನನ್ನ ಮೊಮ್ಮಗಳು ಸೋಮಿ ಹುಟ್ಟಿದಳು. ಹೆತ್ತ ಮಗಳು ಬಾಣಂತನದಲ್ಲೇ ಹೋದಳು, ಅಳಿಯ ದಿಕ್ಕು ಕೆಟ್ಟು ಎತ್ತಲೋ ಹೋದ. ಹನ್ನೊಂದನೆಯ ದಿನ ನನ್ನ ಮನೆಯ ಬಾಗಿಲನ್ನು ನಾನೇ ಹಾಕಿಕೊಂಡು ಕಂಬಳಿ ಹಾಸಿದೆ. ಒಂದು. ಊದಿದೆ. ಅಯ್ಯೋ, ಆ ಮಿಣುಕು ಗೋಡೆಯವರೆಗೆ ಹಾರಿಹೋಗಿ ಹೇಗೋ ವಾಪಸ್ಸು ಬಂತು. ಬೆಣ್ಣೆಲೋಹದ ಕೂಸು. ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆತ್ತಗೆ, ನೀರು ಸೋಕಿದರೆ ಉರಿ. ಬಾಗಿಲು ತೆರೆದಾಗ ‘ಎಂಟೆದೆ’ ಅನ್ನಬಹುದಿತ್ತು. ಆದರೆ ಅವಳ ಮಿಣುಕು ಹೊಸ್ತಿಲ ಆಚೆಗೇ ಬಂದು ಎಲ್ಲರಿಗೂ ಕಾಣುವ ಹಾಗೆ ಕುಣಿಯುತ್ತಿತ್ತು, ಏನು ಹೇಳಲಿ?

ಬೆಣ್ಣೆಲೋಹದವರನ್ನು ಎಣ್ಣೆಯಲ್ಲಿ ಇಡಬೇಕು ಅನ್ನುವುದು ಊರ ಕಟ್ಟಳೆ. ಹತ್ತೊಂಬತ್ತು ವರ್ಷ ದಿನಕ್ಕೆ ಮೂರು ಸಲ ಅವಳ ಮೈಗೆ ಎಣ್ಣೆ ತಿಕ್ಕಿದ್ದೇನೆ. ಮನೆಯಲ್ಲಿ ನೀರಿನ ಗಡಿಗೆ ಇಡಲಿಲ್ಲ. ನನಗೆ ಬಾಯಾರಿದರೆ ತಿಪ್ಪಮ್ಮನ ಜಗಲಿಯಲ್ಲಿ ನಿಂತು ಕುಡಿದು, ತುಟಿ ಒರೆಸಿ, ಒಣಗಿಸಿಕೊಂಡು ಬರುತ್ತಿದ್ದೆ. ಸೋಮಿಗೆ ಒಣ ರೊಟ್ಟಿ, ತುಪ್ಪ, ಹುರಿಗಡಲೆ. ಅವಳು ಅಳಬಾರದು, ಅತ್ತರೆ ಕಣ್ಣೀರು ಕೆನ್ನೆಯ ಮೇಲೆ ಚುರ್ ಎಂದು ಸುಡುತ್ತಿತ್ತು. ಆದ್ದರಿಂದ ಬಿದ್ದರೂ ನಗುವುದನ್ನು ಕಲಿಸಿದೆ, ಹೊಡೆದರೂ ನಗುವುದನ್ನು ಕಲಿಸಿದೆ. ಎಂಥ ನಗುಮುಖದ ಹುಡುಗಿ ಅಂತ ಕೇರಿಯವರು ಹೊಗಳುತ್ತಿದ್ದರು, ಆಗೆಲ್ಲ ನಾನು ಎಣ್ಣೆಯ ಜಾಡಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಗುರುಪಾದ ಅಂತ ಒಬ್ಬನಿದ್ದ, ಗಾಳಿಯ ಕಡೆಯವನು, ಏಳರವನು. ಎಂಟಕ್ಕೆ ಒಂದೇ ಕಡಿಮೆ, ಆ ಒಂದಕ್ಕಾಗಿ ಹಪಹಪಿಸುವ ಜಾತಿ. ಹತ್ತಿರ ಬಂದರೆ ಕಣ್ಣುರಿ, ಮೂಗುರಿ, ಕೆಮ್ಮು. ಊರ ಬಾವಿ ಶುದ್ಧ ಮಾಡುವ ಕೆಲಸ ಅವನದು. ಇಳಿದು ಒಂದು ಗಳಿಗೆ ನಿಂತರೆ ಸಾಕು, ಹುಳುಹುಪ್ಪಟೆ ಎಲ್ಲ ಸತ್ತು ನೀರು ತಿಳಿಯಾಗುತ್ತಿತ್ತು. ಆ ನೀರನ್ನು ಊರೆಲ್ಲ ಕುಡಿಯುತ್ತಿತ್ತು, ಅವನನ್ನು ಮಾತ್ರ ಯಾರೂ ಜಗಲಿ ಹತ್ತಿಸುತ್ತಿರಲಿಲ್ಲ.

ನಮ್ಮ ಸೋಮಿ ಅವನನ್ನು ದೂರದಿಂದ ನೋಡುತ್ತಾ ನಿಲ್ಲುವುದು ನನ್ನ ಕಣ್ಣಿಗೆ ಬಿತ್ತು. ಅವಳ ಮಿಣುಕು ಅವನ ದಿಕ್ಕಿಗೆ ಉದ್ದಕ್ಕೆ ಎಳೆದುಕೊಂಡಿರುತ್ತಿತ್ತು, ಮುಚ್ಚಿಡುವ ಮಾತೇ ಇಲ್ಲ.

“ನಾಚ್ಕೆ ಇಲ್ವೇನೇ ನಿಂಗೆ?” ಅಂದೆ. “ಇರೋದೇ ಒಂದು. ಅದ್ನೂ ಅವ್ನು ಕಿತ್ಕೊಂಡ್ರೆ ನಿಂಗೆ ಉಳಿಯೋದೇನು?”

“ಏನು ಉಳೀತದೆ ಅಂತ ನೀನು ನೋಡಿದ್ದೀಯಾ ಅಜ್ಜಿ?”

“ನಾನ್ಯಾಕೆ ನೋಡ್ಲಿ? ನಮ್ಮವ್ವನ ಕಾಲದಲ್ಲಿ ಒಂದರವ್ನು ಒಬ್ಬ ಮೊದಲನೇ ಮಳೆಗೆ ಸಿಕ್ಕಿ ನೇರಳೆ ಬಣ್ಣಕ್ಕೆ ಉರ್ದುಹೋದ. ಜನ ಚೆಂದ ಅಂತ ನೋಡ್ತಾ ನಿಂತಿದ್ರಂತೆ. ಅದಕ್ಕೇ ಹೇಳೋದು, ಎಣ್ಣೇಲಿ ಬಿದ್ದಿರು.”

“ಅವ್ನು ನೀರಿಗೆ ಕೊಟ್ಟ ಅಜ್ಜಿ. ಬೇಕಾದವ್ರಿಗೆ ಕೊಡ್ಲಿಲ್ಲ” ಅಂದಳು. ತಲೆಹರಟೆ ಅಂತ ಬೈದು ಇನ್ನೊಂದು ಹಿಡಿ ಎಣ್ಣೆ ತಲೆಗೆ ಮೆತ್ತಿದೆ.

ಮುಂಗಾರು ಇನ್ನು ಹದಿನೈದು ದಿನ ಇದೆ ಅನ್ನುವಾಗ ಆ ಅನಾಹುತ ಆಯಿತು. ಒಂದು ಎಣಿಕೆಯ ಕೆಲಸಕ್ಕೆ ಪಂಚಾಯ್ತಿ ಕಟ್ಟೆಗೆ ಹೋಗಿದ್ದೆ, ಮಂಡಿ ಹಿಡಿದದ್ದರಿಂದ ಸೋಮಿ ನನ್ನ ಕೈ ಹಿಡಿದು ಬಂದಿದ್ದಳು. ಗುರುಪಾದ ಬಾವಿಯ ಹಗ್ಗ ಸವೆದಿದೆ ಅಂತ ತೋರಿಸಲು ಒದ್ದೆ ಹಗ್ಗವನ್ನೇ ಹೊತ್ತು ತಂದ. ಇವಳನ್ನು ಕಂಡು ಗಾಬರಿಯಾಗಿ ಹಿಂದೆ ಸರಿದ. ಹಗ್ಗ ಜೋಲಿ ಹೊಡೆಯಿತು. ಎರಡು ಹನಿ ಅವಳ ತೋಳಿಗೆ ಬಿತ್ತು. ಚುರ್ ಅಂತ ಹಳದಿ ಉರಿ ಎದ್ದು ಶಾಂತಮಲ್ಲಪ್ಪನವರ ಶಾಲಿನ ಅಂಚು ಕರಿಗಟ್ಟಿತು. ನನ್ನ ಮೊಮ್ಮಗಳ ತೋಳಿನಲ್ಲಿ ಎರಡು ಬೊಬ್ಬೆ ಎದ್ದವು, ಅದನ್ನು ಯಾರೂ ನೋಡಲಿಲ್ಲ, ಶಾಲು ನೋಡಿದರು.

ಮರುದಿನವೇ ತೀರ್ಮಾನ: ಒಂದರವರು ಊರೊಳಗೆ ಇರಕೂಡದು. ಊರ ಲೆಕ್ಕದಲ್ಲಿ ಆಗ ಒಂದರವಳು ಅಂತ ಇದ್ದದ್ದು ನಮ್ಮ ಸೋಮಿ ಒಬ್ಬಳೇ. ಮಳೆ ಬೀಳುವ ಮೊದಲು ಬೋಳುಗುಡ್ಡಕ್ಕೆ ಹೋಗತಕ್ಕದ್ದು. ಅಲ್ಲೊಂದು ಗುಹೆಯಿದೆ, ಒಣಗಿರುತ್ತದೆ ಅಂದರು. ಆ ಗುಹೆ ಆಷಾಢದಲ್ಲಿ ಹೇಗೆ ತೊಟ್ಟಿಕ್ಕುತ್ತದೆ ಅಂತ ಕುರಿ ಕಾಯುವವರೆಲ್ಲ ಬಲ್ಲರು. ಕೊಲ್ಲುವುದಕ್ಕೆ ನಮ್ಮೂರಲ್ಲಿ ಎಷ್ಟು ಮರ್ಯಾದೆಯ ಮಾತುಗಳಿವೆ ನೋಡಿ. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ, ಬೆಳಗ್ಗೆ ಎದ್ದು ಸೋಮಿಯನ್ನು ಕರೆದುಕೊಂಡು ನೆಟ್ಟಗೆ ಕಟ್ಟೆಗೆ ಹೋದೆ. ಊರೆಲ್ಲ ಸೇರಿತ್ತು. ಆಕಾಶದಲ್ಲಿ ಆಗಲೇ ಮೋಡ. ಹದಿನೈದು ದಿನ ಇದೆ ಅಂದ ಮುಂಗಾರು ಯಾರನ್ನು ಕೇಳಿ ಬರುತ್ತದೆ?

“ಒಂದರವ್ರು ಊರಲ್ಲಿ ಇರಕೂಡ್ದು ಅಂತ ತೀರ್ಮಾನ ಆಗದಂತಲ್ಲ ಸ್ವಾಮಿ” ಅಂದೆ. “ಹಂಗಾದ್ರೆ ಇಬ್ಬರು ಹೋಗ್ಬೇಕಾಯ್ತದೆ.”

ಪಂಚಾಯ್ತಿಯ ಹಿರಿಯ ಬಸಲಿಂಗಣ್ಣ, ಮೂರರವನು, ಉಗುರು ಕಡಿಯುವುದನ್ನು ನಿಲ್ಲಿಸಿ, “ಇನ್ನೊಬ್ರು ಯಾರಮ್ಮ?” ಅಂದ.

ನಾನು ಶಾಂತಮಲ್ಲಪ್ಪನವರ ಕಡೆ ತಿರುಗಿ, “ಶಾಲು ತೆಗೀರಿ ಬುದ್ಧಿ” ಅಂದೆ.

ಅವರು ರೇಗುತ್ತಾರೆ, ಆಳುಗಳನ್ನು ಕರೆದು ನನ್ನನ್ನು ಎಳೆಸುತ್ತಾರೆ ಅಂದುಕೊಂಡಿದ್ದೆ. ಅವರು, ಯಾರಾದರೂ ಕೇಳಲಿ ಅಂತ ತುಂಬ ದಿನದಿಂದ ಕಾಯುತ್ತಿದ್ದವರ ಹಾಗೆ, ಶಾಲು ತೆಗೆದು ಮಡಚಿ ಪಕ್ಕಕ್ಕಿಟ್ಟರು. ಎದೆಗೆ ಹತ್ತಿಕೊಂಡು ಒಂದೇ ಒಂದು ಮಿಣುಕು ಸುತ್ತುತ್ತಿತ್ತು. ನಾನು ಎಲ್ಲರಿಗೂ ಕೇಳುವಂತೆ, “ಒಂದು” ಅಂದೆ. ಆಹಾ, ನಲವತ್ತೈದು ವರ್ಷದ ಮೇಲೆ ಆ ಪದ ಬಾಯಿಂದ ಹೊರಟಾಗ ಎಷ್ಟು ಹಗುರವಾಯಿತು!

ಜನ ಹೌಹಾರಿದರು. ನಾನು ಗೆದ್ದೆ ಅಂದುಕೊಂಡೆ. ಆಗ ಬಸಲಿಂಗಣ್ಣ ಗಂಟಲು ಸರಿಮಾಡಿಕೊಂಡ.

“ನೋಡ್ರಪ್ಪ, ಆತುರ ಬೇಡ. ಅವರದ್ದೂ ಒಂದೇ, ಈ ಹುಡುಗೀದೂ ಒಂದೇ, ಒಪ್ಕೊಳ್ಳೋಣ. ಆದ್ರೆ ಅವರ ಒಂದು ಬೇರೆ, ಇವಳ ಒಂದು ಬೇರೆ. ಅವರದ್ದು ಬಿಗಿ, ಇವಳದ್ದು ಸಡಿಲ. ಬೇಕಾದ್ರೆ ದ್ಯಾವಮ್ಮನೇ ಊದಿ ನೋಡ್ಲಿ.”

ಊದಿದರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಣಿಕೆಯಲ್ಲಿ ಏನಿಲ್ಲ, ಎಲ್ಲ ಇರುವುದು ಹಿಡಿತದಲ್ಲಿ. ಈ ಗುಟ್ಟನ್ನು ನಾನು ಒಂದು ಜನ್ಮ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಅದನ್ನು ಆ ಮನುಷ್ಯ ಬಾಯಿಂದ ಉಗುರಿನ ಚೂರು ಉಗುಳುತ್ತಾ ಹೇಳಿಬಿಟ್ಟ, ಅದೂ ನನಗೇ ತಿರುಗಿಸಿ. ನಿಜ ಹೇಳಿದನಲ್ಲ ಅಂತ ಇನ್ನೂ ಉರಿಯಿತು. ಜನರಲ್ಲಿ ಆಗಲೇ ಗುಜುಗುಜು ಶುರುವಾಯಿತು. ಇರುವುದೇ ಒಂದು, ಆದರೂ ಹೆಂಗೆ ಬಿಗಿಹಿಡಿದವ್ರೆ ನೋಡು, ಮನೆತನ ಅಂದ್ರೆ ಇದಪ್ಪ ಅಂತ ತಿಪ್ಪಮ್ಮನೇ ಕೈಮುಗಿದಳು. ನಾನು ಅವರನ್ನು ಇಳಿಸಲು ಹೋಗಿ ಇನ್ನೊಂದು ಮೆಟ್ಟಿಲು ಏರಿಸಿಬಿಟ್ಟಿದ್ದೆ.

“ದ್ಯಾವಮ್ಮ, ಊದಿ” ಅಂದರು ಶಾಂತಮಲ್ಲಪ್ಪನವರು.

ಊದಿದೆ. ಮಿಸುಕಲಿಲ್ಲ.

“ಇನ್ನೊಂದ್ಸಲ. ಜೋರಾಗಿ.” ಅವರ ದನಿ ಸಣ್ಣದಾಗಿತ್ತು. “ನನ್ ಹೆಂಡ್ತಿ ಸಾಯೋವಾಗ ಇದನ್ನ ಕೇಳಿದ್ಲು. ಕೊಡೋಕೆ ನಾನೂ ನೋಡ್ದೆ. ಬಿಟ್ಟು ಹೋಗ್ಲೇ ಇಲ್ಲ ಅದು.”

ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇದ್ದಬದ್ದ ಉಸಿರೆಲ್ಲ ಒಟ್ಟುಮಾಡಿ, ಕಣ್ಣು ಕತ್ತಲಿಡುವಂತೆ ಊದಿದೆ. ಆ ಮಿಣುಕು ತನ್ನ ಪಾಡಿಗೆ ತಾನು ಸುತ್ತುತ್ತಲೇ ಇತ್ತು. ಅವರು ಶಾಲು ಎತ್ತಿ ಹೊದ್ದುಕೊಂಡರು. ಜನ ಅದನ್ನೂ ಗಾಂಭೀರ್ಯ ಅಂದುಕೊಂಡರು.

ಸೋಮಿ ನನ್ನ ಕಿವಿಯ ಹತ್ತಿರ ಬಂದು, “ಅಜ್ಜಿ, ಹಿಡ್ಕೊಂಡು ಅವ್ರು ಏನ್ ಕಂಡ್ರು?” ಅಂದಳು. ಹಾಗಂದವಳೇ ನನ್ನ ಕೈ ಬಿಟ್ಟು ಕಟ್ಟೆ ಇಳಿದಳು.

ಎದುರಿಗೇ ಬಾವಿ. ಗುರುಪಾದ ಜನರಿಗೆ ಕೆಮ್ಮು ಬರಬಾರದು ಅಂತ ಗುಂಪಿನಿಂದ ದೂರ, ಬಾವಿಯ ಆ ಕಡೆ ನಿಂತಿದ್ದ. ಇವಳು ಬರುವುದನ್ನು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

“ಬರಬ್ಯಾಡ ಸೋಮಿ. ನಾನು ಬಿಡೋನಲ್ಲ, ನನ್ ಹುಟ್ಟೇ ಅಂಥದು.”

“ನಾನು ಇಟ್ಕೊಳ್ಳೋಳಲ್ಲ, ನನ್ ಹುಟ್ಟೂ ಅಂಥದೇ” ಅಂದಳು ಅವಳು.

ನಾನು ಅವಳ ಹಿಂದೆ ಹೊರಟೆ, ತುಕ್ಕು ಹಿಡಿದ ಮಂಡಿ ಏಳಲಿಲ್ಲ. “ಸೋಮೀ, ಬ್ಯಾಡವ್ವಾ! ಇರೋದೇ ಒಂದು ಕಣೇ!” ಅಂತ ಕಿರುಚಿದೆ. ಹತ್ತೊಂಬತ್ತು ವರ್ಷ ನಾನು ಮೆತ್ತಿದ ಎಣ್ಣೆಯನ್ನು ಅವಳು ಸೆರಗಿನಿಂದ ಒರೆಸಿಕೊಳ್ಳುತ್ತಾ ನಡೆದಳು. ಅವಳ ಮಿಣುಕು ಉದ್ದಕ್ಕೆ ಎಳೆಯಿತು, ಇನ್ನೂ ಎಳೆಯಿತು, ಕಳಚಿ ಅವನ ಸುತ್ತಿಗೆ ಹಾರಿತು. ಅಂಗಳಕ್ಕೆ ಅಂಗಳವೇ ಅರಿಸಿನ ಚೆಲ್ಲಿದ ಹಾಗೆ ಹಳದಿಯಾಯಿತು. ಧಗೆಗೆ ಜನ ಮುಖ ಮುಚ್ಚಿಕೊಂಡರು. ನನಗೆ ಏನೂ ಕಾಣಲಿಲ್ಲ, ತೆವಳುತ್ತಾ ಆ ಬೆಳಕಿನ ಕಡೆ ಹೋದೆ, ಬಾಯಲ್ಲಿ ಬಂದ ದೇವರನ್ನೆಲ್ಲ ಬೈಯುತ್ತಾ.

ಹೊಗೆ ಇಳಿಯಿತು. ಇಬ್ಬರೂ ನಿಂತಿದ್ದರು. ಮೈಮೇಲೆ ಬಿಳಿ ಪುಡಿ, ಹೊಳಪಿಲ್ಲ, ಉರಿಯಿಲ್ಲ, ಸಂತೆಯಲ್ಲಿ ಎದುರಾದರೆ ತಿರುಗಿ ನೋಡದಂಥ ಎರಡು ಸಾಮಾನ್ಯ ಮನುಷ್ಯರು. ಯಾರೂ ಕೆಮ್ಮುತ್ತಿಲ್ಲ ಅನ್ನುವುದು ಎಲ್ಲರಿಗೂ ಸ್ವಲ್ಪ ತಡವಾಗಿ ಹೊಳೆಯಿತು. ಅಷ್ಟರಲ್ಲಿ ಹನಿ ಬಿತ್ತು. ಒಂದು, ಎರಡು, ಆಮೇಲೆ ಲೆಕ್ಕವಿಲ್ಲ. ಜನ ಓ ಎಂದು ಚೀರಿ ಓಡಿದರು. ನಾನು ಅವಳನ್ನು ಮುಚ್ಚಲು ಸೆರಗು ಹಿಡಿದು ನಿಂತೆ, ಅದೂ ಎಷ್ಟೊತ್ತು, ತೊಯ್ದು ತೊಪ್ಪೆಯಾಯಿತು. ಅವಳ ತಲೆಯ ಮೇಲೆ, ಹೆಗಲ ಮೇಲೆ, ಆ ಎರಡು ಬೊಬ್ಬೆಗಳ ಮೇಲೆ ಮಳೆ ಬಿತ್ತು. ಏನೂ ಆಗಲಿಲ್ಲ. ಅವಳು ಅಂಗೈ ಚಾಚಿ ನೀರು ತುಂಬುವುದನ್ನು ನೋಡುತ್ತಿದ್ದಳು. ಆಮೇಲೆ ಅತ್ತಳು. ಕಣ್ಣೀರು ಕೆನ್ನೆಯ ಮೇಲೆ ಸುಮ್ಮನೆ ಇಳಿಯಿತು, ಚುರ್ ಅನ್ನಲಿಲ್ಲ. ನಾನು ಬೆರಳಿನಿಂದ ಒರೆಸಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ಚಾವಡಿಯ ಸೂರಿನ ಕೆಳಗೆ ಒತ್ತಿಕೊಂಡು ನಿಂತಿದ್ದ ಜನರಲ್ಲಿ ಬಸಲಿಂಗಣ್ಣ ಕೂಗಿದ: “ಇದ್ದ ಒಂದೂ ಹೋಯ್ತಲ್ಲ! ಈಗ ಎಷ್ಟು ಅಂತ ಬರ್ಕೊಳ್ಳೋದು? ಸೊನ್ನೆ ಅನ್ನಣಾ?”

ಎಣಿಕೆಯವಳಿಗೆ ಮೊಮ್ಮಗಳೂ ಒಂದೇ, ಊರೂ ಒಂದೇ. ಕಣ್ಣು ಒರೆಸಿಕೊಂಡು ನೋಡಿದೆ. ಹೊರಸುತ್ತು ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಅದರ ಒಳಗೆ, ಯಾರೂ ಎಂದೂ ಎಣಿಸದ ಸುತ್ತು, ಮನೆಯ ಮಾತು ಅಂತ ಬಿಟ್ಟದ್ದು, ಈಗ ಅದೇ ಹೊರಗಿನದಾಗಿ ಮಳೆಯಲ್ಲಿ ನೆಮ್ಮದಿಯಾಗಿ ತಿರುಗುತ್ತಿತ್ತು. ಒಂದು ಸಲ ಎಣಿಸಿದೆ. ನಂಬಿಕೆ ಬರದೆ ಇನ್ನೊಂದು ಸಲ ಬೆರಳು ಮಡಚಿ ಎಣಿಸಿದೆ. ಗುರುಪಾದನದನ್ನೂ ಎಣಿಸಿದೆ. ಹತ್ತೊಂಬತ್ತು ವರ್ಷ ಬರಿದಾಗುತ್ತಾಳೆ ಅಂತ ನಾನು ಹೆದರಿದ್ದು ಇದಕ್ಕೇ? ಕೂಸಿಗೆ ನಾನು ಎಣ್ಣೆ ತಿಕ್ಕಿದ್ದು ಇದನ್ನು ಮುಚ್ಚಿಡಲಿಕ್ಕೇ?

“ಎಂಟು” ಅಂದೆ. “ಇಬ್ಬರಿಗೂ.”

“ಎಂಟೋ, ಎಂಟೆದೆನೋ? ಸರಿಯಾಗಿ ಹೇಳಮ್ಮ” ಅಂದರು ಸೂರಿನ ಕೆಳಗಿನಿಂದ ಶಾಂತಮಲ್ಲಪ್ಪನವರು. ಹಾಗಾದರೆ ನಮ್ಮವ್ವನ ಆ ಮಾತಿನ ಗುಟ್ಟು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

“ಎರಡೂ ಬುದ್ಧಿ” ಅಂದೆ.

ಊದಿ ನೋಡಲಿಲ್ಲ, ಬೇಕಾಗಿರಲಿಲ್ಲ. ಮೂವರೂ ಮಳೆಯಲ್ಲೇ ಮನೆಗೆ ಬಂದೆವು. ಕೇರಿಯವರು ಬಾಗಿಲಲ್ಲಿ ನಿಂತು ನೋಡಿದರು, ಒಬ್ಬರೂ ಹೆದರಲಿಲ್ಲ, ಒಬ್ಬರೂ ಕೈಮುಗಿಯಲಿಲ್ಲ. ಗುರುಪಾದ ನಮ್ಮ ಜಗಲಿ ಹತ್ತಲೋ ಬೇಡವೋ ಅಂತ ನಿಂತ. ಹತ್ತಪ್ಪ ಅಂದೆ. ಸೋಮಿ ಒಳಗೆ ಬಂದು ಗೋಡೆಗೆ ಒರಗಿ ಕೂತು, ತಲೆ ಒರೆಸಿಕೊಳ್ಳುತ್ತಾ ಅಂದಳು:

“ಅಜ್ಜಿ, ಬಾಯಾರ್ತಿದೆ. ಒಂದು ಲೋಟ ನೀರು ಕೊಡು.”

ಅಡುಗೆಮನೆಗೆ ಹೋದೆ. ಅಲ್ಲಿ ಎಣ್ಣೆಯ ಜಾಡಿಗಳು ಸಾಲಾಗಿ ಕೂತಿದ್ದವು. ಒಂದು ತೊಟ್ಟು ನೀರಿರಲಿಲ್ಲ. ಖಾಲಿ ಚೊಂಬು ಹಿಡಿದು ತಿಪ್ಪಮ್ಮನ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವಳು ಎಂದಿನ ಹಾಗೆ, “ಇಲ್ಲೇ ಕುಡ್ದು ಹೋಗ್ತೀಯಲ್ಲ, ಚೊಂಬು ಯಾಕೆ ತಂದೆ?” ಅಂದಳು.

“ಮನೇಗೆ ಕಣೇ” ಅಂದೆ. “ತುಂಬ ಹಾಕು.”